ಬೂಷ್ಟು ಕೊಟ್ಟ ರಾಣಿಪಟ್ಟ

ಮಾವಿನ ಮರದಲ್ಲಿ ಕೆಂಚಿ ಎಂಬ ಚಗಳಿ ಇರುವೆ ಇದ್ದಳು. ಒಂದು ದಿನ ಹುಳು ಹೊತ್ತು ಗೂಡಿಗೆ ಮರಳುವಾಗ ಬೂಷ್ಟಿನ ಕಣವೊಂದು ಅವಳ ಬೆನ್ನಿಗೆ ಅಂಟಿಕೊಂಡಿತು.

"ಇಷ್ಟು ದುಡಿಯುವ ನಿನ್ನನ್ನು ಗೂಡಿನಲ್ಲಿ ಯಾರು ಕೇಳುತ್ತಾರೆ?" ಎಂದಿತು ಬೂಷ್ಟು. "ಒಬ್ಬಳೇ ತುದಿಕೊಂಬೆಗೆ ನಡೆ. ಅಲ್ಲಿ ನೀನೇ ರಾಣಿ."

ಮಾತು ಕೆಂಚಿಗೆ ಸಿಹಿಯಾಯಿತು. ಹೊರೆ ಇಳಿಸಿ ಮೇಲೆ ಹತ್ತತೊಡಗಿದಳು. ಎದುರಾದ ಹಿರಿಯ ಚಗಳಿ ಮೀಸೆ ತಾಗಿಸಿ ಮೂಸಿದಳು.

"ನಿಲ್ಲು ತಂಗಿ. ನಿನ್ನ ಬೆನ್ನ ಮೇಲೆ ಸಾವು ಕೂತಿದೆ."

"ಅವಳಿಗೆ ಹೊಟ್ಟೆಕಿಚ್ಚು, ನೀನು ಹತ್ತು," ಎಂದು ಬೂಷ್ಟು ಪಿಸುಗುಟ್ಟಿತು.

"ಅಕ್ಕಾ, ಇದು ನನ್ನನ್ನು ರಾಣಿ ಮಾಡುತ್ತದಂತೆ."

"ಹಾಗೆ ರಾಣಿಯಾದವಳನ್ನು ನೋಡು."

ಕೆಂಚಿ ತಲೆಯೆತ್ತಿದಳು. ತುದಿಯ ಎಲೆಯನ್ನು ಕಚ್ಚಿಕೊಂಡೇ ಒಣಗಿದ ಇರುವೆಯೊಂದು ಕಂಡಿತು. ಅದರ ತಲೆಯನ್ನು ಸೀಳಿಕೊಂಡು ಬೂಷ್ಟು ಮೊಳೆತಿತ್ತು. ಅವಳು ಬೆನ್ನೊಡ್ಡಿ ನಿಂತಳು. "ತೆಗೆದುಬಿಡಿ, ಅಕ್ಕಾ."

ಹಿರಿಯಳ ಕರೆಗೆ ಗೂಡಿಗೆ ಗೂಡೇ ಹರಿದು ಬಂತು. ಎಲ್ಲರೂ ತಮ್ಮ ಮೈಯೊಳಗಿನ ಸುಡುವ ಹುಳಿರಸ ಎರಚಿ ಉಜ್ಜತೊಡಗಿದರು.

"ಎಷ್ಟು ಇರುವೆಗಳನ್ನು ಕೊಂದವನು ನಾನು, ಗೊತ್ತೇ?" ಎಂದು ಬೂಷ್ಟು ಗುಡುಗಿತು.

"ಒಂಟಿಯಾಗಿ ಸಿಕ್ಕವರನ್ನು," ಎಂದಳು ಕೆಂಚಿ.

ಬೂಷ್ಟು ಸುಟ್ಟು ಉದುರಿತು. ಕೆಂಚಿಯನ್ನು ನಡುವಿಟ್ಟುಕೊಂಡು ಚಗಳಿಗಳ ಸಾಲು ಮೆರವಣಿಗೆಯಂತೆ ಗೂಡಿಗೆ ಇಳಿಯಿತು.