ಮುತ್ತಜ್ಜನ ನಿಯಮ ಮತ್ತು ಹಾಲಿನ ಗಾಡಿ

“ನಮ್ಮ ವಂಶ ಇವತ್ತಿನವರೆಗೆ ಒಂದು ಚಮಚವನ್ನೂ ಕಳೆದುಕೊಂಡಿಲ್ಲ,” ಎಂದು ಬ್ರೆವೋನಿಯದ ರಾಜ ವಿಲ್ಡರಿಕ್ ಜಂಬ ಕೊಚ್ಚಿಕೊಳ್ಳುತ್ತಿದ್ದ.

ಮಾತು ಸುಳ್ಳಲ್ಲ. ಯುರೋಪಿನ ಆ ಪುಟ್ಟ ರಾಜ್ಯ ಯುದ್ಧಗಳಲ್ಲಿ ಸೋತಿತ್ತು, ಅರ್ಧ ನೆಲ ಕಳೆದುಕೊಂಡಿತ್ತು. ಚಮಚಗಳು ಮಾತ್ರ ಭದ್ರವಾಗಿದ್ದವು.

ಕಾರಣ, ರಾಜನ ಮುತ್ತಜ್ಜ ಮಾಡಿದ ಒಂದು ನಿಯಮ. ಅದನ್ನು ತಾಮ್ರದ ಹಲಗೆಯಲ್ಲಿ ಕೆತ್ತಿಸಿ ದರ್ಬಾರಿನ ಬಾಗಿಲ ಪಕ್ಕ ತೂಗುಹಾಕಿದ್ದರು: ‘ರಾಜವಂಶದವರು ಬಳಸಿದ್ದೆಲ್ಲ ವಂಶದ ಆಸ್ತಿ. ಅದನ್ನು ಸಂಗ್ರಹಾಲಯದಲ್ಲಿ ಇಡತಕ್ಕದ್ದು. ಎಲ್ಲರೂ ನೋಡಬಹುದು, ಯಾರೂ ಬಳಸಕೂಡದು.’ ಪಟ್ಟಕ್ಕೆ ಬರುವವರೆಲ್ಲ ಆ ಹಲಗೆ ಮುಟ್ಟಿ, ಇದನ್ನು ಅಳಿಸುವುದಿಲ್ಲವೆಂದು ಆಣೆ ಮಾಡಬೇಕಿತ್ತು.

ಹೀಗೆ ಸಂಗ್ರಹ ಬೆಳೆಯಿತು. ಚಿನ್ನದ ರೇಕಿನ ಸಾರೋಟುಗಳು, ಅಜ್ಜಿಯರ ತೈಲಚಿತ್ರಗಳು. ಅವುಗಳ ನಡುವೆ ಯಾವನೋ ಕ್ಷೌರಿಕನ ಕತ್ತಿ, ಯಾವನೋ ರೈತನ ಕೊಡೆ. ಬೇರೆಯವರ ವಸ್ತು ಕೈಗೆ ಬಂದಾಗ ನಿಯಮ ತಕ್ಷಣ ನೆನಪಾಗುತ್ತಿತ್ತು. ಸ್ವಂತ ಕುರ್ಚಿಯಲ್ಲಿ ಕೂರುವಾಗ ಯಾಕೋ ಯಾವ ರಾಜನಿಗೂ ನೆನಪಾಗಿರಲಿಲ್ಲ.

ಒಂದು ದಿನ ರಾಜನ ಸಾರೋಟು ಊರ ಹೊರಗೆ ಕೆಸರಿನಲ್ಲಿ ಹೂತುಹೋಯಿತು. ಹಾಲು ಮಾರುವ ಒಡಿಲಿಯಾ ತನ್ನ ಒಂಟಿ ಕುದುರೆಯ ಗಾಡಿಯಲ್ಲಿ ಅದೇ ದಾರಿಯಲ್ಲಿ ಬಂದಳು.

“ಹತ್ತಿ ಪ್ರಭು, ಕೊಡಗಳ ಮಧ್ಯೆ ಜಾಗ ಇದೆ,” ಎಂದು ಕೈ ಹಿಡಿದು ಹತ್ತಿಸಿಕೊಂಡಳು.

ಅರಮನೆ ತಲುಪಿದ ರಾಜ ಕೆಳಗಿಳಿದು ಕಾವಲುಗಾರರಿಗೆ ಹೇಳಿದ: “ಗಾಡಿ, ಕುದುರೆ ಒಳಗೆ ಒಯ್ಯಿರಿ. ವಂಶದ ಆಸ್ತಿ.”

“ಅಯ್ಯೋ, ಅದು ನನ್ನ ಹೊಟ್ಟೆಪಾಡು!”

“ನಿನ್ನ ಗಾಡಿ ನಮ್ಮ ಮುತ್ತಜ್ಜನ ಸಾರೋಟಿನ ಪಕ್ಕ ನಿಲ್ಲುತ್ತದೆ. ಹೆಮ್ಮೆಪಡು.”

“ನಿಂತ ಗಾಡಿ ಹಾಲು ಮಾರುತ್ತದಾ ಪ್ರಭು?”

ರಾಜ ಬೆನ್ನು ತಿರುಗಿಸಿ ಒಳಗೆ ನಡೆದ. ಬಾಗಿಲು ಮುಚ್ಚಿತು.

ಒಡಿಲಿಯಾ ಅಳುತ್ತಾ ಆಸ್ಥಾನದ ಚತುರ ಯೋಸ್ಟ್‌ನ ಮನೆಗೆ ಹೋದಳು. “ಸ್ವಾಮಿ, ಕೈ ಹಿಡಿದು ಹತ್ತಿಸಿದ್ದೇ ತಪ್ಪಾಯಿತಾ?”

“ಪುಣ್ಯ ಮಾಡಿದ್ದೀಯಮ್ಮ, ಪ್ರಭು ಆ ಕೈಯನ್ನೂ ಇಟ್ಟುಕೊಳ್ಳಲಿಲ್ಲ,” ಎಂದ ಯೋಸ್ಟ್. “ನಾಳೆ ಅರಮನೆಗೆ ಬಾ.”

ಮರುದಿನ ಪಕ್ಕದ ದೇಶದ ರಾಣಿ ಸಂಗ್ರಹ ನೋಡಲು ಬರುವವಳಿದ್ದಳು. ಯೋಸ್ಟ್ ಅಂದು ಸಂಜೆಯೇ ದರ್ಬಾರಿನಲ್ಲಿ ಎದ್ದು ನಿಂತ.

“ಪ್ರಭು, ವಸ್ತುಗಳನ್ನು ಜೋಡಿಸುವ ಕೆಲಸ ನನಗೆ ಕೊಡಿ.”

“ಆಗಲಿ. ಏನೂ ಬಿಟ್ಟುಹೋಗಬಾರದು.”

“ಏನೂ ಅಂದರೆ?”

“ಏನೂ ಅಂದರೆ ಏನೂ! ನಿಯಮಕ್ಕೆ ನಮ್ಮಲ್ಲಿ ವಿನಾಯಿತಿ ಇಲ್ಲ.”

“ಎಲ್ಲರೂ ಕೇಳಿಸಿಕೊಂಡಿರಲ್ಲ?” ಎಂದು ಯೋಸ್ಟ್ ಸಭೆಯತ್ತ ತಿರುಗಿ ಕೈಮುಗಿದ.

ಬೆಳಿಗ್ಗೆ ರಾಜ ಎದ್ದು ಬೂಟು ಹುಡುಕಿದ. ಬೂಟು ಗಾಜಿನ ಪೆಟ್ಟಿಗೆಯಲ್ಲಿತ್ತು. ಬರಿಗಾಲಲ್ಲೇ ಊಟದ ಕೋಣೆಗೆ ಬಂದ. ಅವನ ಕುರ್ಚಿಯ ಸುತ್ತ ಕೆಂಪು ಹಗ್ಗ. ಹಗ್ಗಕ್ಕೊಂದು ಚೀಟಿ: ‘ದಯವಿಟ್ಟು ಕೂರಬೇಡಿ.’

“ಯೋಸ್ಟ್! ಏನಿದು?”

“ಸಂಗ್ರಹ, ಪ್ರಭು. ನೀವು ಬಳಸಿದ ಕುರ್ಚಿ.”

“ನನ್ನ ತಿಂಡಿ?”

“ತಿಂಡಿ ನೀವಿನ್ನೂ ಬಳಸಿಲ್ಲ, ಧಾರಾಳವಾಗಿ ತಿನ್ನಿ. ತಟ್ಟೆ ಮಾತ್ರ ಕೇಳಬೇಡಿ.”

ರಾಜ ಅಂಗೈಯಲ್ಲಿ ರೊಟ್ಟಿ ಹಿಡಿದು ನಿಂತೇ ತಿಂದ.

“ಸಾರೋಟು ಹೂಡಿಸು. ರಾಣಿಯನ್ನು ಎದುರುಗೊಳ್ಳಬೇಕು.”

“ಎಲ್ಲವೂ ಹಗ್ಗದಾಚೆ ಇವೆ.”

“ಕಿರೀಟ?”

“ಅದನ್ನೇ ಮೊದಲು ಇಟ್ಟೆ. ನಿಮ್ಮ ಮುತ್ತಜ್ಜ ಬಳಸಿದ್ದಲ್ಲವೇ?”

ರಾಜ ದರ್ಬಾರಿಗೆ ಓಡಿದ. ಸಿಂಹಾಸನದ ಸುತ್ತಲೂ ಹಗ್ಗ. ಪಕ್ಕದ ಕೋಣೆಯಲ್ಲಿ ಒಡಿಲಿಯಾಳ ಕುದುರೆ ಅಜ್ಜಿಯೊಬ್ಬಳ ತೈಲಚಿತ್ರದ ಕೆಳಗೆ ನಿಂತು, ಅವಳ ಹಳೆಯ ಸೋಫಾದೊಳಗಿನ ಹುಲ್ಲನ್ನು ಎಳೆದೆಳೆದು ತಿನ್ನುತ್ತಿತ್ತು. ಹೊರಗೆ ಕಹಳೆ ಮೊಳಗಿತು. ರಾಣಿ ಕೋಟೆಯ ಬಾಗಿಲಿಗೆ ಬಂದಿದ್ದಳು.

“ಹಗ್ಗ ತೆಗೆಸು!”

“ತೆಗೆಸುತ್ತೇನೆ. ಅದಕ್ಕೆ ಮೊದಲು ನೀವು ನಿಯಮ ಅಳಿಸಬೇಕು.”

“ಹೇಗೆ ಅಳಿಸಲಿ? ಆಣೆ ಮಾಡಿದ್ದೇನೆ. ಅಳಿಸಿದರೆ ಮಾತಿಗೆ ತಪ್ಪಿದವನು. ಅಳಿಸದಿದ್ದರೆ ಆ ರಾಣಿಯ ಮುಂದೆ ಬರಿಗಾಲು, ಬರಿತಲೆ. ಏನಾದರೂ ಮಾಡು ಮಾರಾಯ!”

ಯೋಸ್ಟ್ ತಲೆ ಕೆರೆದುಕೊಂಡ. “ಪ್ರಭು, ಒಂದು ವಸ್ತುವನ್ನು ಒಳಗಿಡಲು ಮರೆತಿದ್ದೇನೆ. ಅದನ್ನು ಸೇರಿಸಿದರೆ ಎಲ್ಲ ಸರಿಹೋದೀತು.”

“ಯಾವುದದು?”

ಯೋಸ್ಟ್ ಬಾಗಿಲ ಪಕ್ಕದ ತಾಮ್ರದ ಹಲಗೆ ತೋರಿಸಿದ.

“ಈ ನಿಯಮ. ನಿಮ್ಮ ಮುತ್ತಜ್ಜ ಬಳಸಿದರು, ಅಜ್ಜ ಬಳಸಿದರು, ನಿನ್ನೆ ಹಾಲಿನ ಗಾಡಿಯ ಮೇಲೆ ನೀವೂ ಬಳಸಿದಿರಿ. ಇದಕ್ಕಿಂತ ದೊಡ್ಡ ವಂಶದ ಆಸ್ತಿ ಯಾವುದಿದೆ? ಅಳಿಸುವುದು ಬೇಡ, ಗಾಜಿನ ಪೆಟ್ಟಿಗೆಯಲ್ಲಿ ಇಡೋಣ. ಎಲ್ಲರೂ ನೋಡಲಿ, ಯಾರೂ ಬಳಸಕೂಡದು.”

ರಾಜ ಹಲಗೆಯನ್ನು ನೋಡಿದ. ತನ್ನ ಬರಿಗಾಲು ನೋಡಿಕೊಂಡ. ಮೆಲ್ಲನೆ ಶುರುವಾದ ನಗು ತಡೆಯಲಾಗದೆ ಗೋಡೆಗೆ ಒರಗಿದ.

“ಇಡು, ಬೇಗ ಇಡು! ಮೊದಲು ಬೂಟು ಕೊಡು!”

ಕಹಳೆ ಎರಡನೇ ಸಲ ಮೊಳಗುವಷ್ಟರಲ್ಲಿ ಹಗ್ಗಗಳೆಲ್ಲ ಮಾಯವಾಗಿದ್ದವು. ಇಡೀ ಸಂಗ್ರಹದಲ್ಲಿ ರಾಣಿಗೆ ತುಂಬ ಹಿಡಿಸಿದ್ದು ಆ ತಾಮ್ರದ ಹಲಗೆ. “ಎಂಥ ಕಟ್ಟುನಿಟ್ಟಿನ ವಂಶ!” ಎಂದು ಮೆಚ್ಚಿಕೊಂಡಳು.

ಕ್ಷೌರಿಕನ ಕತ್ತಿ, ರೈತನ ಕೊಡೆ ಮನೆಗೆ ಮರಳಿದವು. ಯೋಸ್ಟ್‌ಗೆ ಒಂದು ಹೊಸ ಶಾಲು ಸಿಕ್ಕಿತು. ರಾಜ ಅದನ್ನು ಹೊದ್ದು ನೋಡುವ ಮೊದಲೇ ಅವನು ಇಸಿದುಕೊಂಡ.

ಒಡಿಲಿಯಾ ಗಾಡಿ ಏರಿ ಕಡಿವಾಣ ಹಿಡಿದಳು. ಬೀಳ್ಕೊಡಲು ಬಂದ ರಾಜ ಪ್ರೀತಿಯಿಂದ ಕುದುರೆಯ ಬೆನ್ನು ಸವರಲು ಕೈ ಚಾಚಿದ.

ಅವಳು ಗಾಡಿಯನ್ನು ಸರಕ್ಕನೆ ಪಕ್ಕಕ್ಕೆ ಸರಿಸಿದಳು.

“ಅಲ್ಲಿಂದಲೇ ನೋಡಿ ಪ್ರಭು. ಮುಟ್ಟುವಂತಿಲ್ಲ.”