ಅಂಚಿನ ಹುಲ್ಲು

ಕಪಿಲೆಯ ದಂಡೆಯ ಮೇಲಿನ ಆ ಆಶ್ರಮದಲ್ಲಿ ಸಭಾಭವನ ಇರಲಿಲ್ಲ. ಹುಲ್ಲಿನ ತೋಟವಿತ್ತು. ಹುಣ್ಣಿಮೆಯ ಸಂಜೆ ಸುತ್ತಲಿನ ಊರುಗಳ ಜನ ಬಂದು ಆ ಹುಲ್ಲಿನ ಮೇಲೆಯೇ ಕೂತು ಗುರುಗಳ ಮಾತು ಕೇಳುತ್ತಿದ್ದರು. ಭವನ ಕಟ್ಟಿಸಿಕೊಡುತ್ತೇವೆ ಎಂದು ಬಂದವರಿಗೆಲ್ಲ ಗುರುಗಳು ಕೈಮುಗಿದು, ಒಂದು ಲೋಟ ಮಜ್ಜಿಗೆ ಕುಡಿಸಿ ಕಳಿಸಿಬಿಡುತ್ತಿದ್ದರು.

ಅಲ್ಲೊಂದು ಕಟ್ಟಳೆ ಇತ್ತು. ಜನ ಕೂರುವ ನೆಲದ ಹುಲ್ಲನ್ನು ಯಾರು ಕೊಯ್ಯುತ್ತಾರೋ ಅವರೇ ಜನರ ಮುಂದೆ ಮಾತಾಡಬೇಕು. ಕುಡುಗೋಲು ಒಬ್ಬರ ಕೈಯಲ್ಲಿ, ಉಪದೇಶ ಇನ್ನೊಬ್ಬರ ಬಾಯಲ್ಲಿ ಎಂಬ ಏರ್ಪಾಟಿಗೆ ಅಲ್ಲಿ ಜಾಗವಿಲ್ಲ. ಗುರು ಮುದ್ದುವೀರಸ್ವಾಮಿಗಳಿಗೆ ಆ ಕುಡುಗೋಲು ಅವರ ಗುರುಗಳ ಕೈಯಿಂದ ಬಂದಿತ್ತು. ನಲವತ್ತು ವರ್ಷ ಅವರು ಕುಕ್ಕರುಗಾಲಿನಲ್ಲಿ ಕೂತು, ಸ್ವಲ್ಪ ಸ್ವಲ್ಪವೇ ಸರಿಯುತ್ತ ಆ ತೋಟವನ್ನು ಕೊಯ್ದಿದ್ದರು.

ಅವರ ಮಂಡಿ ಸವೆದುಹೋಯಿತು.

ಪಟ್ಟಣದಿಂದ ಬರುತ್ತಿದ್ದ ಡಾಕ್ಟರ್ ಸರ್ವಮಂಗಳಾ ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ಕುಕ್ಕರುಗಾಲಿನಲ್ಲಿ ಕೂತರೆ ಆಮೇಲೆ ಏಳುವುದೇ ಆಗದು ಎಂದು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು.

ಶಿಷ್ಯ ಸಿದ್ದಮಲ್ಲ ಪಕ್ಕದಲ್ಲೇ ನಿಂತಿದ್ದ. ಆಶ್ರಮಕ್ಕೆ ಬಂದಾಗ ಅವನಿಗೆ ಇಪ್ಪತ್ತು, ಈಗ ಮೂವತ್ತೊಂಬತ್ತು. ಗುರುಗಳ ಮಂಡಿಗಾಗಿ ಅವನಿಗೆ ನಿಜಕ್ಕೂ ಸಂಕಟವಾಯಿತು. ಆ ಸಂಕಟದ ಅಡಿಯಲ್ಲಿ ಒಂದು ಆಸೆ ತಲೆ ಎತ್ತಿದ್ದು ಅವನಿಗೇ ಗೊತ್ತಾಗಿ ನಾಚಿಕೆಯೂ ಆಯಿತು. ಕುಡುಗೋಲು ಇನ್ನು ತನ್ನ ಕೈಗೆ ಬರಲೇಬೇಕಲ್ಲ.

ಒಮ್ಮೆ ಅದು ಬಂದೂ ಇತ್ತು. ಏಳು ವರ್ಷದ ಹಿಂದೆ ಗುರುಗಳಿಗೆ ಜ್ವರ ಬಂದಾಗ ಅವನೇ ಹುಲ್ಲು ಕೊಯ್ದಿದ್ದ. ಗುರುಗಳು ಹತ್ತು ದಿನ ಮಾಡುವ ಕೆಲಸವನ್ನು ಆರೇ ದಿನದಲ್ಲಿ ಮುಗಿಸಿದ್ದ. ಗುರುಗಳು ಕೊಯ್ದ ಮೇಲೆ ಅಲ್ಲಲ್ಲಿ ಕುಚ್ಚು ಕುಚ್ಚಾಗಿ ಹುಲ್ಲು ಉಳಿದಿರುತ್ತಿತ್ತು. ವಯಸ್ಸಾಯಿತು, ಕಣ್ಣಿಗೆ ಬೀಳುವುದಿಲ್ಲ ಎಂದುಕೊಂಡು ಸಿದ್ದಮಲ್ಲ ಒಂದು ಕುಚ್ಚನ್ನೂ ಬಿಡದೆ ಚಾಪೆ ಹಾಸಿದ ಹಾಗೆ ಸಮ ಮಾಡಿದ್ದ. ಆ ಸಂಜೆ ತಾನು ಮಾತಾಡಬೇಕೆಂದು ನಾಲ್ಕು ಮಾತು ಬಾಯಿಪಾಠವನ್ನೂ ಮಾಡಿಕೊಂಡಿದ್ದ.

ಗುರುಗಳು ಕಂಬಳಿ ಹೊದ್ದು ಹೊರಗೆ ಬಂದರು. ತೋಟವನ್ನು ಬಹಳ ಹೊತ್ತು ನೋಡಿದರು. ಇವತ್ತು ಯಾರೂ ಮಾತಾಡುವುದು ಬೇಡ, ಸುಮ್ಮನೆ ಕೂರೋಣ ಎಂದರು. ಜನ ಸುಮ್ಮನೆ ಕೂತು ಎದ್ದು ಹೋದರು. ಮಾರನೆಯ ತಿಂಗಳು ಕುಡುಗೋಲು ಮತ್ತೆ ಗುರುಗಳ ಕೈಗೆ ಹೋಯಿತು. ಯಾಕೆಂದು ಅವರು ಹೇಳಲಿಲ್ಲ, ಇವನು ಕೇಳಲಿಲ್ಲ. ಆ ಮುಳ್ಳು ಏಳು ವರ್ಷ ಅವನ ಒಳಗೇ ಇತ್ತು.

ಈಗ ಗುರುಗಳು ಅವನ ಕಡೆ ತಿರುಗಲೇ ಇಲ್ಲ. ಡಾಕ್ಟರನ್ನೇ ಕೇಳಿದರು.

"ಹುಲ್ಲು ಕೊಯ್ಯೋ ಯಂತ್ರ ಬಂದಿದೆಯಂತಲ್ಲ ತಾಯಿ. ತಾನೇ ಓಡಾಡ್ಕೊಂಡು ಕೊಯ್ಯುತ್ತಂತೆ."

ಡಾಕ್ಟರಿಗೆ ಖುಷಿಯಾಯಿತು. ನಮ್ಮ ಅಕ್ಕನ ಮನೆಯಲ್ಲೇ ಅಂಥದೊಂದು ರೋಬೋಟ್ ಇದೆ, ಆಶ್ರಮಕ್ಕೂ ಒಂದನ್ನು ನಾನೇ ಕೊಡಿಸುತ್ತೇನೆ ಎಂದರು. ಫೋನಿನಲ್ಲಿ ಚಿತ್ರ ತೋರಿಸಿದರು. ಮೂರು ಅಳತೆಯವು ಇದ್ದವು. ಸಣ್ಣದು ಐದು ಗುಂಟೆಗೆ, ನಡುವಿನದು ಹದಿನೈದು ಗುಂಟೆಗೆ, ದೊಡ್ಡದು ಪೂರ್ತಿ ಒಂದು ಎಕರೆಗೆ.

ಸಿದ್ದಮಲ್ಲನ ಮುಖ ಸಪ್ಪಗಾಯಿತು. ಹತ್ತೊಂಬತ್ತು ವರ್ಷ ಕಾದ ಕೈ ಇಲ್ಲಿದೆ. ಕೈಯೇ ಇಲ್ಲದ ಯಂತ್ರಕ್ಕೆ ಕೆಲಸ ಹೋಗುತ್ತಿದೆ. ಯಂತ್ರ ಕೊಯ್ದರೆ ಇನ್ನು ಜನರ ಮುಂದೆ ಮಾತಾಡುವವರಾದರೂ ಯಾರು?

"ನಮ್ಮ ತೋಟಕ್ಕೆ ಯಾವುದು ಸರಿ ಅಂತ ನೀನೇ ಆರಿಸಪ್ಪ" ಎಂದರು ಗುರುಗಳು.

ಅವನು ಹಗ್ಗ ಹಿಡಿದು ಹೊರಟ. ಬೇಲಿಯಿಂದ ಬೇಲಿಗೆ, ಬಾವಿಯಿಂದ ಹೊಳೆಯ ಮೆಟ್ಟಿಲಿಗೆ ಎಳೆದು ಅಳೆದ. ಬಿಸಿಲು ಏರುವ ಮೊದಲೇ ಲೆಕ್ಕ ಸಿಕ್ಕಿತು.

"ಸರಿಯಾಗಿ ಒಂದು ಎಕರೆ ಬುದ್ಧಿ. ದೊಡ್ಡದೇ ಬೇಕು."

"ನಡೆದು ನೋಡಿದೆಯಾ?"

"ಹಗ್ಗ ಹಿಡ್ಕೊಂಡು ಪೂರ್ತಿ ನಡೆದೆ ಬುದ್ಧಿ."

"ಹಗ್ಗ ಹಿಡಿದು ನಡೆಯೋನು ಹಗ್ಗ ನೋಡ್ತಾನೆ" ಎಂದರು ಗುರುಗಳು. ಬೇಡ ಎಂದು ಮಾತ್ರ ಹೇಳಲಿಲ್ಲ.

ದೊಡ್ಡ ಯಂತ್ರ ಬಂತು. ಒಂದು ವಾರ ಓಡಿಸಿ ನೋಡಿ, ಅಳತೆ ಹೊಂದದಿದ್ದರೆ ಬದಲಾಯಿಸಿಕೊಡುತ್ತೇವೆ ಎಂದು ಅಂಗಡಿಯವನು ಹೇಳಿದ. ನೆಲದಲ್ಲಿ ತಂತಿ ಹುಗಿದ ಕಡೆ ಅದು ಹಿಂದಿರುಗುತ್ತದೆ, ತಂತಿಯನ್ನು ದಾಟುವುದಿಲ್ಲ, ಎಲ್ಲೆಲ್ಲಿ ಹೋಗಬಾರದು ಎಂಬುದನ್ನು ನೀವೇ ತೋರಿಸಬೇಕು ಎಂದೂ ಹೇಳಿದ.

"ಬೇಲಿ ಉದ್ದಕ್ಕೂ ಹಾಕಿ" ಎಂದ ಸಿದ್ದಮಲ್ಲ. "ಒಳಗೆ ಎಲ್ಲಾ ಕಡೆ ಹೋಗಲಿ."

ಯಂತ್ರ ಚಾರ್ಜ್ ಆಗುವ ತನ್ನ ಗೂಡಿನಿಂದ ಆಮೆಯ ಹಾಗೆ ಹೊರಬಂದು ಹೊರಟಿತು. ಸದ್ದಿಲ್ಲ, ದಣಿವಿಲ್ಲ. ಅದು ಹೋದಲ್ಲೆಲ್ಲ ನೆಲ ಸಮವಾಗುತ್ತಿತ್ತು. ಸಿದ್ದಮಲ್ಲನಿಗೆ ತಾನು ಏಳು ವರ್ಷದ ಹಿಂದೆ ಕೊಯ್ದ ತೋಟವೇ ಎದುರಿಗೆ ಕಂಡಿತು. ಆಗ ನನ್ನದೇನು ತಪ್ಪಿತ್ತು ಎಂದು ಒಳಗೊಳಗೇ ಕೇಳಿಕೊಂಡ.

ಮಧ್ಯಾಹ್ನ ಒಂದು ಟಿಟ್ಟಿಭ ಹಕ್ಕಿ ಕೂಗತೊಡಗಿತು. ಒಂದೇ ಸಮನೆ ಕೂಗಿತು. ಯಂತ್ರದ ತಲೆಯ ಮೇಲೆ ಎರಗಿ ಎರಗಿ ಹೋಯಿತು. ಈ ಹಕ್ಕಿಗೆ ಬೇರೆ ಕೆಲಸವಿಲ್ಲ ಎಂದುಕೊಂಡ ಸಿದ್ದಮಲ್ಲ.

ಗುರುಗಳು ಜಗಲಿಯ ಮೇಲೆ ಕಣ್ಣು ಮುಚ್ಚಿ ಕೂತಿದ್ದರು.

"ಅದೇನು ಹೇಳ್ತಿದೆ ಅಂತ ಹೋಗಿ ನೋಡು" ಎಂದರು.

ಅವನು ಹೋಗಿ ನೋಡಿದ. ಟಿಟ್ಟಿಭ ಮರದ ಮೇಲೆ ಗೂಡು ಕಟ್ಟುವುದಿಲ್ಲ. ಬರಿ ನೆಲದ ಮೇಲೆ, ನಾಲ್ಕು ಕಲ್ಲು ಹರಳಿನ ನಡುವೆ ಮೊಟ್ಟೆ ಇಡುತ್ತದೆ. ಮೂರು ಮೊಟ್ಟೆ ಚಕ್ರದಡಿ ಸಿಕ್ಕಿ ಒಡೆದಿದ್ದವು. ಒಂದು ಉಳಿದಿತ್ತು. ಮಣ್ಣಿನ ಬಣ್ಣದ ಆ ಮೊಟ್ಟೆ ಅವನ ಹೆಬ್ಬೆರಳಿನ ಪಕ್ಕದಲ್ಲೇ ಇತ್ತು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ಅದನ್ನು ಅವನೇ ತುಳಿಯುತ್ತಿದ್ದ.

ಸಿದ್ದಮಲ್ಲ ಓಡಿಹೋಗಿ ಯಂತ್ರ ನಿಲ್ಲಿಸಿದ. ಹಿಂದಿರುಗಿ ಬಂದು ಗುರುಗಳ ಎದುರು ನಿಂತು ಮೊಟ್ಟೆ ಒಡೆದದ್ದನ್ನು ಹೇಳಿದ. ಬೈದುಬಿಡಲಿ ಎಂದು ಅವನು ಕಾದ. ಗುರುಗಳು ಬೈಯಲಿಲ್ಲ.

"ತೋಟ ಎಷ್ಟು ದೊಡ್ಡದಪ್ಪ?"

"ಒಂದು..." ಎಂದವನು ಅಲ್ಲಿಗೇ ನಿಲ್ಲಿಸಿದ.

"ಕೊಯ್ಯಬಾರದ್ದೆಲ್ಲ ಕಳೆದು ಬಂದು ಹೇಳು. ಹಗ್ಗ ಇಲ್ಲೇ ಇರಲಿ. ಕಾಲಿಗೇನೂ ಹಾಕ್ಕೋಬೇಡ."

ಮರುದಿನ ಬೆಳಗಿನಿಂದ ಅವನು ಬರಿಗಾಲಲ್ಲಿ ನಡೆದ. ಮೊದಲ ದಿನ ಅವನಿಗೆ ಹುಲ್ಲು ಬಿಟ್ಟು ಮತ್ತೇನೂ ಕಾಣಲಿಲ್ಲ. ಎರಡನೆಯ ದಿನ ಬಾವಿಯ ಹಿಂದೆ ತುಂಬೆಯ ಪೊದೆ ಕಂಡಿತು. ಸೋಮವಾರದ ಪೂಜೆಗೆ ಆಶ್ರಮದ ಅಡುಗೆಯ ಚಿಕ್ಕತಾಯಮ್ಮ ಅಲ್ಲಿಂದಲೇ ಹೂ ಬಿಡಿಸುತ್ತಾಳೆ ಎಂಬುದು ಅವನಿಗೆ ಗೊತ್ತಿದ್ದದ್ದೇ. ಆ ಗಿಡ ಎಲ್ಲಿದೆ ಎಂದು ಮಾತ್ರ ಯಾವತ್ತೂ ನೋಡಿರಲಿಲ್ಲ. ಹೊಳೆಯ ಕಡೆಯ ಇಳಿಜಾರಿನಲ್ಲಿ ಹುಲ್ಲಿನ ಬೇರೇ ಮಣ್ಣನ್ನು ಹಿಡಿದುಕೊಂಡಿತ್ತು. ಅದರ ಪಕ್ಕದಲ್ಲಿ ಮೀನು ಹಿಡಿಯುವ ಜವರ ಬಂದು ಬಲೆ ಹರವಿದ. ಇಲ್ಲಿಯೇ ಯಾಕೆ ಎಂದು ಸಿದ್ದಮಲ್ಲ ಕೇಳಿದ್ದಕ್ಕೆ ಜವರ ನಕ್ಕು, ಇಲ್ಲಿ ಹುಲ್ಲು ಎತ್ತರ, ಬಲೆಗೆ ಮಣ್ಣು ಹತ್ತುವುದಿಲ್ಲ, ಬುದ್ಧಿಯವರು ನನಗೋಸ್ಕರ ಬಿಟ್ಟಿರುತ್ತಾರಲ್ಲ ಎಂದ. ಆಮೇಲೆ ಸ್ವಲ್ಪ ತಡೆದು, ಒಂದೇ ಒಂದು ಸಲ ಇರಲಿಲ್ಲ ಎಂದೂ ಸೇರಿಸಿದ.

ಅದು ಯಾವ ಸಲ ಎಂದು ಸಿದ್ದಮಲ್ಲ ಕೇಳಲಿಲ್ಲ. ಗುರುಗಳ ಕಣ್ಣಿಗೆ ಬೀಳದೆ ಉಳಿಯಿತು ಎಂದು ಅವನು ತಿಳಿದಿದ್ದ ಒಂದೊಂದು ಕುಚ್ಚಿನ ಕೆಳಗೂ ಏನೋ ಒಂದು ಇತ್ತು, ಯಾರೋ ಒಬ್ಬರು ಇದ್ದರು.

ನಾಲ್ಕನೆಯ ದಿನ ಹೊಂಗೆಯ ಮರದ ಕೆಳಗೆ ನಿಂತ. ಅಲ್ಲಿ ಒಂದಾಳುದ್ದದ ಜಾಗದಲ್ಲಿ ಗರಿಕೆ ಒತ್ತಾಗಿ ಬೆಳೆಯುತ್ತಿತ್ತು. ಈಗ ಯಂತ್ರ ಓಡಿ ಬೋಳಾಗಿತ್ತು. ಹುತ್ತವಿಲ್ಲ, ಗೂಡಿಲ್ಲ, ಹೂವಿಲ್ಲ. ಎಷ್ಟು ಹೊತ್ತು ನಿಂತರೂ ಏನೂ ತೋರಲಿಲ್ಲ. ಹೋಗಿ ಗುರುಗಳನ್ನೇ ಕೇಳಿದ.

"ನಮ್ಮ ಗುರುಗಳು ಅಲ್ಲಿ ಮಲಗಿದ್ದಾರೆ" ಎಂದರು ಅವರು. "ಕಲ್ಲು ನಿಲ್ಲಿಸಬೇಡ, ಹುಲ್ಲು ಬೆಳೀಲಿ ಸಾಕು ಅಂದಿದ್ರು."

ಸಿದ್ದಮಲ್ಲ ನಿಂತಲ್ಲೇ ಕೂತುಬಿಟ್ಟ. ಆ ಜ್ವರದ ತಿಂಗಳು ಆ ಗರಿಕೆಯನ್ನು ಬುಡಕ್ಕೆ ಕೊಯ್ದು, ಹೊರೆ ಕಟ್ಟಿ, ಆಶ್ರಮದ ಹಸುವಿಗೆ ಹಾಕಿದ್ದವನು ಅವನೇ. ಕೊಯ್ಯುವಾಗ ಹಾಡು ಗುನುಗುತ್ತಿದ್ದದ್ದೂ ನೆನಪಾಯಿತು.

"ಹೇಳಬಹುದಿತ್ತಲ್ಲ ಬುದ್ಧಿ" ಎಂದ. "ಹತ್ತೊಂಬತ್ತು ವರ್ಷದಲ್ಲಿ ಒಂದು ಮಾತು ಹೇಳಬಹುದಿತ್ತು."

"ಹೇಳಿದ್ರೆ ಅದೊಂದನ್ನ ಬಿಟ್ಟು ಮಿಕ್ಕಿದ್ದೆಲ್ಲ ಕೊಯ್ದುಬಿಡ್ತಿದ್ದೆ."

"ಅದಕ್ಕೇ ಆವತ್ತು ನನಗೆ ಮಾತಾಡೋಕೆ ಬಿಡಲಿಲ್ಲವಾ?"

"ಆವತ್ತು ನನ್ನ ಕೈಲೂ ಮಾತಾಡೋಕೆ ಆಗ್ತಿರಲಿಲ್ಲ ಮಗ."

ಆ ಸಂಜೆ ಸಿದ್ದಮಲ್ಲ ಉಣ್ಣಲಿಲ್ಲ. ಏಳು ವರ್ಷ ತನ್ನನ್ನು ಚುಚ್ಚಿದ ಮುಳ್ಳು ಗುರುಗಳ ಒಳಗೂ ಇತ್ತು ಎಂದು ತಿಳಿದ ಮೇಲೆ ಕುಡುಗೋಲಿನ ಆಸೆ ಅವನಲ್ಲಿ ಉಳಿಯಲಿಲ್ಲ. ಈ ಕೈಗೆ ಅದು ತಕ್ಕದ್ದಲ್ಲ ಎಂದು ತೀರ್ಮಾನಿಸಿಕೊಂಡ. ಬೆಳಗಾಗುತ್ತಲೇ ಹೋಗಿ ಗುರುಗಳಿಗೆ ಅಡ್ಡಬಿದ್ದ.

"ಸಣ್ಣ ಯಂತ್ರ ಸಾಕು ಬುದ್ಧಿ. ಐದು ಗುಂಟೆಯದು. ಮಿಕ್ಕಿದ್ದು ಹಾಗೇ ಇರಲಿ, ನಾನು ಯಾವುದನ್ನೂ ಮುಟ್ಟಲ್ಲ."

ಗುರುಗಳ ದನಿ ಮೊದಲ ಬಾರಿಗೆ ಬಿರುಸಾಯಿತು.

"ಹುಣ್ಣಿಮೆಗೆ ಎಷ್ಟು ಜನ ಬರ್ತಾರೆ?"

"ಮುನ್ನೂರು, ಮುನ್ನೂರೈವತ್ತು."

"ಮಕ್ಕಳನ್ನ ಮಡಿಲಲ್ಲಿ ಹಾಕ್ಕೊಂಡು ಅಂಚಿಗೆ ಕೂರ್ತಾರಲ್ಲ ಹೆಣ್ಣುಮಕ್ಕಳು, ಅವರು ಮಂಡಿಯುದ್ದ ಹುಲ್ಲಲ್ಲಿ ಹಾವಿನ ಜೊತೆ ಕೂರಬೇಕಾ? ನಿನಗೆ ನಾಚಿಕೆ ಆಯ್ತು ಅಂತ ತೋಟ ಸಣ್ಣದಾಗುತ್ತಾ?"

ಸಿದ್ದಮಲ್ಲ ತಲೆ ಎತ್ತಲಿಲ್ಲ. ಮೊದಲು ದೊಡ್ಡದನ್ನು ಕೇಳಿದಾಗ ತೋಟವನ್ನು ನೋಡಿರಲಿಲ್ಲ, ತನ್ನನ್ನು ನೋಡಿಕೊಂಡಿದ್ದ. ಈಗ ಸಣ್ಣದನ್ನು ಕೇಳುವಾಗಲೂ ತನ್ನನ್ನೇ ನೋಡಿಕೊಂಡಿದ್ದ.

ಮತ್ತೆ ಎದ್ದು ಹೋದ. ಈ ಬಾರಿ ಜನ ಕೂರುವ ಕಡೆಯಿಂದ ಶುರು ಮಾಡಿದ. ಮುದುಕರು ಎಲ್ಲಿ ಬೆನ್ನು ಆನಿಸುತ್ತಾರೆ, ಹಸುಗೂಸು ಇರುವವರು ಎಲ್ಲಿ ಜಾಗ ಹಿಡಿಯುತ್ತಾರೆ, ತಡವಾಗಿ ಬಂದವರು ಎಲ್ಲಿ ನಿಲ್ಲುತ್ತಾರೆ ಎಂದು ಒಂದೊಂದೇ ನೆನಪು ಮಾಡಿಕೊಂಡು ನಡೆದ. ಅಲ್ಲಿ ಹುಲ್ಲು ಗಿಡ್ಡ ಇರಲೇಬೇಕು. ಹಾಗೆಯೇ ಬಿಡಬೇಕಾದ್ದನ್ನೂ ಬಿಟ್ಟ. ತುಂಬೆ, ಇಳಿಜಾರು, ಜವರನ ಜಾಗ, ಟಿಟ್ಟಿಭದ ಗೂಡು, ಹೊಂಗೆಯ ನೆರಳು. ಸಂಜೆ ಬಂದಾಗ ಅವನ ಅಂಗಾಲಿನ ತುಂಬ ಮುಳ್ಳು ಗೀರಿದ ಗುರುತುಗಳಿದ್ದವು.

"ಹನ್ನೆರಡು ಗುಂಟೆ ಬುದ್ಧಿ. ನಡುವಿನ ಯಂತ್ರ ಸರಿಹೋಗುತ್ತೆ."

"ನಾಳೆ?"

"ನಾಳೆ ಇನ್ನೊಂದು ಹಕ್ಕಿ ಬಂದ್ರೆ ಅಷ್ಟು ಕಮ್ಮಿ ಆಗುತ್ತೆ. ಮೊಟ್ಟೆ ಒಡೆದು ಮರಿ ಹೊರಟುಹೋದ್ರೆ ಅಷ್ಟು ಹೆಚ್ಚಾಗುತ್ತೆ. ದಿನಾ ನಡೆದು ನೋಡಬೇಕು."

ಗುರುಗಳು ಹೂಂ ಎಂದರು, ಅಷ್ಟೇ.

ದೊಡ್ಡದು ಹೋಗಿ ನಡುವಿನದು ಬಂತು. ತಂತಿ ಹುಗಿಯಲು ಅಂಗಡಿಯವನು ಕೈಹಾಕಿದಾಗ ಸಿದ್ದಮಲ್ಲ ಬೇಡವೆಂದು ತಾನೇ ಮಣ್ಣಿಗೆ ಕೂತ. ಎರಡು ದಿನ ಹಿಡಿಯಿತು. ಬಿಟ್ಟ ಜಾಗಗಳನ್ನೆಲ್ಲ ಸುತ್ತಿಕೊಂಡು ಆ ತಂತಿ ಅಂಕುಡೊಂಕಾಗಿ ಹೋಯಿತು. ನೋಡಲು ಅಂದವಾಗಿಯೇನೂ ಇರಲಿಲ್ಲ.

ಹುಣ್ಣಿಮೆಯ ಬೆಳಗ್ಗೆ ಯಂತ್ರ ತನ್ನ ಕೆಲಸ ಮುಗಿಸಿ ಗೂಡಿಗೆ ಮರಳಿತು. ಸಿದ್ದಮಲ್ಲ ಹೋಗಿ ನೋಡಿದ. ನೆಲ ಹದವಾಗಿತ್ತು. ತಂತಿಯ ಉದ್ದಕ್ಕೂ ಮಾತ್ರ ಒಂದು ಗೇಣು ಹುಲ್ಲು ಕೊಯ್ಯದೆ ಉಳಿದಿತ್ತು. ಟಿಟ್ಟಿಭದ ಗೂಡಿನ ಸುತ್ತ, ತುಂಬೆಯ ಸುತ್ತ, ಹೊಂಗೆಯ ಕೆಳಗಿನ ಗರಿಕೆಯ ಸುತ್ತ. ಗೂಡಿನಲ್ಲಿ ಟಿಟ್ಟಿಭ ಉಳಿದ ಒಂದು ಮೊಟ್ಟೆಯ ಮೇಲೆ ಕೂತು ಅವನನ್ನೇ ನೋಡುತ್ತಿತ್ತು, ಕೂಗಲಿಲ್ಲ.

ಅವನು ಜಗಲಿಗೆ ಬಂದ. ಗುರುಗಳು ಕಾಲು ಚಾಚಿ ಕೂತಿದ್ದರು. ಪಕ್ಕದಲ್ಲಿ ಕುಡುಗೋಲು ಇತ್ತು. ಅದರ ಹಿಡಿ ನಲವತ್ತು ವರ್ಷದ ಬೆವರಿಗೆ ಕಪ್ಪಾಗಿತ್ತು. ಬಾಯಿಯನ್ನು ಆಗಷ್ಟೇ ಮಸೆದಿದ್ದರು.

"ಅಂಚಿನಲ್ಲಿ ಉಳ್ಕೊಂಡಿದೆ ಬುದ್ಧಿ" ಎಂದ ಸಿದ್ದಮಲ್ಲ. "ಯಂತ್ರಕ್ಕೆ ಅಷ್ಟು ಹತ್ತಿರ ಹೋಗೋಕೆ ಬರಲ್ಲ. ಜನ ಸಂಜೆಗೆ ಬಂದುಬಿಡ್ತಾರೆ. ಏನು ಮಾಡಲಿ?"

ಗುರುಗಳು ಕುಡುಗೋಲನ್ನು ಎರಡೂ ಕೈಯಲ್ಲಿ ಎತ್ತಿ, ಹಿಡಿಯನ್ನು ಅವನ ಕಡೆ ಮಾಡಿ ಚಾಚಿದರು. ಅವನ ಕೈ ಮುಂದೆ ಬರಲಿಲ್ಲ. ಅವರು ಕಾದರು.

"ತಗೋ ಮಗ. ಒಳಗಿನದನ್ನ ಯಂತ್ರ ನೋಡ್ಕೊಳ್ಳುತ್ತೆ. ಅಂಚು ನಿನ್ನದು."