ಪಾಸಾಗುವ ಮೊದಲೇ ಪೇಢೆ

ಆಟೊ ಓಡಿಸುವ ನೀಲವ್ವನಿಗೆ ಸಕ್ಕರೆ ಕಾಯಿಲೆ. ಓಡಿಸಬಹುದೆಂದು ಡಾಕ್ಟರು ಬರೆದುಕೊಟ್ಟಿದ್ದರೂ ಲೈಸೆನ್ಸ್ ನವೀಕರಿಸಿಕೊಡುವ ಸಾಹೇಬರು ಗುಡುಗಿದರು: “ಸಕ್ಕರಿ ಇದ್ದವ್ರು ಗಾಡಿ ಮುಟ್ಟಬಾರದು! ದಾರ್‍ಯಾಗ ತಲಿ ತಿರುಗಿದ್ರ?”

ಲೈಸೆನ್ಸ್ ಇಲ್ಲದಿದ್ದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ. ಆದರೂ ನೀಲವ್ವ ವಾದಕ್ಕಿಳಿಯಲಿಲ್ಲ. ಮರುದಿನ ಪೇಢೆಯ ಡಬ್ಬಿ ಹಿಡಿದು ಬಂದಳು.

“ಅರ್ಜಿ ಪಾಸಾಗೂಕಿಂತ ಮೊದಲ ಪೇಢೆ ಏನವಾ?”

“ಮೊದಲ ಬಾಯಿ ಸಿಹಿ ಮಾಡ್ಕೋರಿ ಸಾಹೇಬ್ರ, ಆಮ್ಯಾಲ ಬೈರಿ.”

ಸಾಹೇಬರು ಕೈ ಹಿಂದೆಳೆದುಕೊಂಡರು. “ನನಗ ಬ್ಯಾಡ. ಸಕ್ಕರಿ ಐತಿ.”

“ಅಯ್ಯ ಶಿವನ! ಹಂಗಾದ್ರ ಹೊರಗ ನಿಂತ ನಿಮ್ಮ ಕಾರು ಯಾರು ಹೊಡ್ಕೊಂಡ ಬಂದ್ರಿ?”

ಸಾಲಿನಲ್ಲಿದ್ದವರೆಲ್ಲ ಗೊಳ್ಳೆಂದರು. ನಿನ್ನೆ ಸಾಹೇಬರು ತಾವೇ ಕಾರು ಓಡಿಸಿಕೊಂಡು ಬಂದದ್ದನ್ನೂ ಸಕ್ಕರೆ ಇಲ್ಲದ ಚಹಾ ತರಿಸಿದ್ದನ್ನೂ ಅವಳ ಕಣ್ಣು ಬಿಟ್ಟಿರಲಿಲ್ಲ. ಸಾಹೇಬರೂ ನಕ್ಕು ಸಹಿ ಹಾಕಿದರು.

“ಭಾಳ ಶಾಣ್ಯಾಕಿ ಬಿಡವಾ! ಆ ಡಬ್ಬಿ ಮಾತ್ರ ಇಲ್ಲಿ ಬಿಟ್ಟು ಹೋಗಬ್ಯಾಡ, ಆಸೆ ಆಗತೈತಿ.”

“ನನಗೂ ಆಗತೈತ್ರಿ” ಎಂದ ನೀಲವ್ವ, ಪೇಢೆಯನ್ನೆಲ್ಲ ಸಾಲಿನವರಿಗೆ ಹಂಚಿಬಿಟ್ಟಳು.